ತಳವಿಲ್ಲದ ಪೋಮೋ ಮೀನುಬುಟ್ಟಿ ಮುರಿದದ್ದಲ್ಲ

ನಮಸ್ಕಾರ ಸರ್. ಕ್ಯಾಲಿಫೋರ್ನಿಯಾದ ಮೂಲನಿವಾಸಿ ಪೋಮೋ ಜನರ ಮೀನುಬುಟ್ಟಿಯ ಫೋಟೋ ಹಾಕಿ, "ಇದಕ್ಕೆ ತಳವೇ ಇಲ್ವಲ್ಲ, ಕಿತ್ತುಹೋಗಿದೆಯಾ? ನಾವೂ ಇಂಥದ್ದು ಹೆಣೆಯಬಹುದಾ?" ಅಂತ ಕೇಳಿದ್ದೀರಿ. ಕಿತ್ತುಹೋಗಿಲ್ಲ. ಅದು ಇರುವುದೇ ಹಾಗೆ.

ಅದು ನೀರಲ್ಲಿ ಇಟ್ಟುಬರುವ ಬುಟ್ಟಿಯಲ್ಲ, ಮೇಲಿಂದ ಕವುಚುವ ಬುಟ್ಟಿ. ಕೆಳಗೆ ಅಗಲ, ಮೇಲೆ ಕೈ ತೂರುವಷ್ಟು ಕಿರಿದು. ಆಳವಿಲ್ಲದ ನೀರಲ್ಲಿ ನಡೆಯುತ್ತಾ, ಮೀನು ಕಂಡ ಕೂಡಲೇ ದಬಕ್ಕನೆ ಊರುತ್ತಾರೆ. ಮೇಲಿನ ಬಾಯಿಂದ ಕೈ ಹಾಕಿ ಮೀನು ಎತ್ತಿಕೊಂಡರೆ ಆಯ್ತು. ತಳ ಇದ್ದಿದ್ದರೆ ಕೆಲಸವೇ ಕೆಡುತ್ತಿತ್ತು.

ಕ್ಲಿಯರ್ ಲೇಕ್ ಸರೋವರದ ಕಡೆ ಹಿಚ್ ಅನ್ನೋ ಮೀನಿದೆ, ಪೋಮೋ ಜನ 'ಚೀ' ಅಂತಾರೆ. ಚಳಿಗಾಲ ಮುಗಿಯುತ್ತಿದ್ದಂತೆ ಮೊಟ್ಟೆ ಇಡಲು ಹಿಂಡುಹಿಂಡಾಗಿ ತೊರೆಗಳಿಗೆ ಏರುತ್ತದೆ. ನಮ್ಮ ಮಲೆನಾಡಲ್ಲಿ ಮೊದಲ ಮಳೆಗೆ ನೀರಿಗೆ ಎದುರಾಗಿ ಮೇಲಕ್ಕೆ ಹತ್ತುವ 'ಹತ್ತುಮೀನು' ಬರುತ್ತಲ್ಲ, ಹಾಗೆ. ಆಗ ಹಿಡಿದು ಒಣಗಿಸಿಡುತ್ತಿದ್ದರು. ಈಗ ಅದೇ ಮೀನಿಗೆ ಕುತ್ತು ಬಂದಿದೆ. 2014ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಇಟ್ಟುಬರುವ ಬುಟ್ಟಿಯೂ ಅವರಲ್ಲಿದೆ. ಅದು ನಮ್ಮ ಕೂಳಿಯ ಥರವೇ. ಉದ್ದನೆಯ ಬುಟ್ಟಿ, ಬಾಯೊಳಗೆ ಇನ್ನೊಂದು ಆಲಿಕೆ. ಆಲಿಕೆಯ ಕಡ್ಡಿಗಳ ತುದಿ ಒಳಮುಖ. ಮೀನು ನುಗ್ಗುವುದು ಸುಲಭ, ವಾಪಸ್ ಬರೋದು ಕಷ್ಟ.

ಪೋಮೋ ಬುಟ್ಟಿ ಅಂದ್ರೆ ಎಲ್ಲರೂ ಹೆಂಗಸರು ಹೆಣೆದ, ಗರಿ ಪೋಣಿಸಿದ ನಾಜೂಕು ಬುಟ್ಟಿಗಳನ್ನೇ ನೋಡ್ತಾರೆ. ಈ ಮೀನುಬುಟ್ಟಿಗಳು ಹೆಚ್ಚಾಗಿ ಗಂಡಸರ ಕೈಕೆಲಸ. ಒರಟು ಅನಿಸಬಹುದು, ಆದರೆ ನನಗೆ ಇವೇ ಜಾಸ್ತಿ ಇಷ್ಟ.

ಹೆಣಿಗೆಗೆ ಬರೋಣ. ಫೋಟೋ ದೊಡ್ಡದು ಮಾಡಿ ಅಡ್ಡಸಾಲು ನೋಡಿ. ನಮ್ಮ ಬಿದಿರು ಬುಟ್ಟಿಯಲ್ಲಿ ಒಂದೇ ಎಳೆ ಮೇಲೆ ಕೆಳಗೆ ಹೋಗುತ್ತೆ. ಇಲ್ಲಿ ಎರಡು ಎಳೆ ಜೊತೆಗೆ ಬರುತ್ತವೆ: ನೆಟ್ಟಗಿನ ಕಡ್ಡಿಯ ಮುಂದೆ ಒಂದು, ಹಿಂದೆ ಒಂದು. ಕಡ್ಡಿ ದಾಟಿದ ಮೇಲೆ ಎರಡನ್ನೂ ಅರ್ಧ ಸುತ್ತು ತಿರುಚಿ ಮುಂದಿನ ಕಡ್ಡಿ ಹಿಡಿಸುತ್ತಾರೆ. ಆ ತಿರುಚೇ ಬಿಗಿ ಹಿಡಿಯೋದು. ಅದಕ್ಕೇ ಸಾಲುಗಳ ನಡುವೆ ಅಷ್ಟು ಜಾಗ ಬಿಟ್ಟರೂ ಜಾರುವುದಿಲ್ಲ. ನೀರು ಹಾಯುತ್ತೆ, ಸಣ್ಣ ಮೀನು ತಪ್ಪಿಸಿಕೊಳ್ಳುತ್ತೆ, ದೊಡ್ಡದು ನಿಲ್ಲುತ್ತೆ.

ಕಡ್ಡಿ ವಿಲೋ ಗಿಡದ್ದು. ಸುಮ್ನೆ ಕಡಿದ ಕೊಂಬೆಯಲ್ಲ. ಮೊದಲೇ ಗಿಡ ಸವರುತ್ತಾರೆ, ಹಿಂದೆಲ್ಲ ಬೆಂಕಿಯನ್ನೂ ಕೊಡುತ್ತಿದ್ದರು. ಆಮೇಲೆ ಬರುವ ಚಿಗುರು ಕವಲಿಲ್ಲದೆ ನೆಟ್ಟಗಿರುತ್ತೆ. ಇಷ್ಟು ತಯಾರಿ ಇಲ್ಲದಿದ್ದರೆ ಬುಟ್ಟಿ ಸೊಟ್ಟಗಾಗುತ್ತೆ.

ನೀವು ಮಾಡುವುದಾದರೆ ಕಡ್ಡಿಗೆ ಲಂಟಾನ ನೋಡಿ. ಬೇಯಿಸಿ ಸಿಪ್ಪೆ ತೆಗೆದರೆ ಚೆನ್ನಾಗಿ ಬಗ್ಗುತ್ತೆ, ಮಹದೇಶ್ವರ ಬೆಟ್ಟದ ಸೋಲಿಗರು ಅದರಲ್ಲಿ ಕುರ್ಚಿಯನ್ನೇ ಮಾಡ್ತಾರೆ. ಅಡ್ಡ ಎಳೆಗೆ ತೆಳ್ಳಗೆ ಸೀಳಿದ ಬಿದಿರು, ಚೆನ್ನಾಗಿ ನೆನೆಸಿದ್ದು. ಬುಟ್ಟಿಯ ಎತ್ತರ ನಿಮ್ಮ ತೋಳಿಗಿಂತ ಕಡಿಮೆ ಇರಲಿ, ಇಲ್ಲದಿದ್ದರೆ ಕೈ ನೆಲ ಮುಟ್ಟಲ್ಲ. ಕೆಳಗಿನ ಕಡ್ಡಿ ತುದಿಗಳನ್ನು ಎರಡು ಬೆರಳಷ್ಟು ಹೊರಗೆ ಬಿಡಿ, ಕೆಸರಲ್ಲಿ ನಾಟಿಕೊಳ್ಳುತ್ತೆ. ಮೊಟ್ಟೆ ಇಡಲು ಬರುವ ಮೀನನ್ನು ಮಾತ್ರ ಹಿಡಿಯಬೇಡಿ.

ಮಾರುವ ಯೋಚನೆ ಇದ್ದರೆ 'ಪೋಮೋ ಬುಟ್ಟಿ' ಅಂತ ಹೆಸರಿಡಬೇಡಿ. ಮೂಲನಿವಾಸಿಗಳು ಮಾಡದ್ದನ್ನು ಅವರದ್ದೆಂದು ಹೇಳಿ ಮಾರುವುದು ಅಮೆರಿಕದಲ್ಲಿ 1990ರ ಕಾನೂನಿನ ಪ್ರಕಾರ ಅಪರಾಧ. ಪೋಮೋ ಹೆಣಿಗೆಯವರು ಇಂದಿಗೂ ಇದ್ದಾರೆ, ಆ ಹೆಸರು ಅವರದ್ದು.