ಮೈಸೂರಿನಿಂದ ತಿರುಪತಿಗೆ ಚಾರ್ಟರ್ ವಿಮಾನ: ದುಡ್ಡು ಯಾವುದಕ್ಕೆ ಹೋಗುತ್ತೆ, ಏನು ಕೇಳಬೇಕು

ಮೈಸೂರಿನಿಂದ ಆರು ಜನ ತಿರುಪತಿಗೆ ಹೋಗಿ ಅದೇ ದಿನ ವಾಪಸ್ ಬರಬೇಕು, ಅಜ್ಜಿಗೆ ಏಳೆಂಟು ಗಂಟೆ ಕಾರಿನಲ್ಲಿ ಕೂರೋಕೆ ಆಗಲ್ಲ, ಏರ್ ಟ್ಯಾಕ್ಸಿ ಸಿಗುತ್ತಾ, ಸೀಟಿಗೆ ಎಷ್ಟಾಗುತ್ತೆ ಅಂತ ಕೇಳಿದ್ದೀರಿ. ನಾನು ಇಲ್ಲೇ ಒಂದು ಕಾರ್ಖಾನೆಯ ಟ್ರಾವೆಲ್ ಡೆಸ್ಕಿನಲ್ಲಿದ್ದೇನೆ. ಚಾರ್ಟರ್ ಕೊಟೇಶನ್‌ಗಳನ್ನು ತರಿಸುವುದು, ತಾಳೆ ನೋಡುವುದು ನನ್ನ ಕೆಲಸ.

ಮೊದಲು ಸೀಟಿನ ಲೆಕ್ಕ ಬಿಟ್ಟುಬಿಡಿ. ಚಾರ್ಟರ್ ಅಂದರೆ ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿಯೋದು. ಒಬ್ಬರು ಹೋದರೂ ಆರು ಜನ ಹೋದರೂ ಬಿಲ್ ಒಂದೇ. ಏರ್ ಟ್ಯಾಕ್ಸಿ ಅಂತ ಸೀಟಿನ ಲೆಕ್ಕದಲ್ಲಿ 2021ರ ಜನವರಿಯಲ್ಲಿ ಚಂಡೀಗಢ–ಹಿಸಾರ್ ನಡುವೆ ಪುಟ್ಟ ವಿಮಾನ ಶುರುವಾಗಿತ್ತು. ಮೈಸೂರಿನ ವಿಮಾನ ನಿಲ್ದಾಣವಿರುವ ನಮ್ಮ ಮಂಡಕಳ್ಳಿಯಿಂದ ಅಂಥದ್ದಿಲ್ಲ. ಬೆಂಗಳೂರಿನಲ್ಲಿ ತಯಾರಾಗುತ್ತಿರುವ ಬ್ಯಾಟರಿ ಏರ್ ಟ್ಯಾಕ್ಸಿಯ ವಿಡಿಯೋ ನೋಡಿ ಕೇಳಿದ್ದರೆ, ಅದು ಇನ್ನೂ ಜನರನ್ನು ಕೂರಿಸಿಕೊಂಡು ಹಾರುವ ಹಂತಕ್ಕೆ ಬಂದಿಲ್ಲ.

ಇನ್ನು ದುಡ್ಡು. ಇಲ್ಲಿಂದ ತಿರುಪತಿಗೆ ಎರಡು ಎಂಜಿನ್ನಿನ ಟರ್ಬೋಪ್ರಾಪ್ (ಎಂಜಿನ್ನಿಗೆ ಪಂಖ ಇರುವ ವಿಮಾನ), ಉದಾಹರಣೆಗೆ ಕಿಂಗ್ ಏರ್, ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಹಾರುತ್ತದೆ. ಹೋಗಿ ಬರೋಕೆ ಎರಡು ಗಂಟೆ ಅಂತ ನೀವು ಅಂದುಕೊಂಡಿರುತ್ತೀರಿ. ಆದರೆ ವಿಮಾನ ಮೈಸೂರಿನಲ್ಲಿ ನಿಂತು ಕಾಯುತ್ತಿರುವುದಿಲ್ಲ. ಬೆಂಗಳೂರಿನಿಂದ ಖಾಲಿ ಬರಬೇಕು, ಸಂಜೆ ನಿಮ್ಮನ್ನು ಇಳಿಸಿ ಖಾಲಿ ಹೋಗಬೇಕು. ಕೊಟೇಶನ್‌ನಲ್ಲಿ 'ಪೊಸಿಷನಿಂಗ್' ಅಂತ ಒಂದು ಸಾಲು ಇರುತ್ತದಲ್ಲ, ಅದೇ ಇದು. ಆ ಖಾಲಿ ಹಾರಾಟಕ್ಕೂ ಗಂಟೆಯ ಪೂರ್ತಿ ದರ ನೀವೇ ಕೊಡಬೇಕು. ಅದರ ಕೆಳಗೆ ಲ್ಯಾಂಡಿಂಗ್, ಪಾರ್ಕಿಂಗ್, ಗ್ರೌಂಡ್ ಹ್ಯಾಂಡ್ಲಿಂಗ್, ಕಾಯುವ ಶುಲ್ಕ, ಕೊನೆಗೆ ಜಿಎಸ್‌ಟಿ. ರಾತ್ರಿ ಅಲ್ಲೇ ಉಳಿದರೆ ಪೈಲಟ್‌ಗಳ ಹೋಟೆಲ್ ಖರ್ಚೂ ನಿಮ್ಮದೇ. ಗಂಟೆಯ ದರ ಕಡಿಮೆ ತೋರಿಸಿ ಈ ಸಾಲುಗಳಲ್ಲಿ ಎಳೆಯುವವರಿದ್ದಾರೆ. ಆದ್ದರಿಂದ ಒಟ್ಟು ಮೊತ್ತವನ್ನೇ ಕೇಳಿ, ಅದನ್ನೇ ಹೋಲಿಸಿ.

ನನ್ನನ್ನು ಕೇಳಿದರೆ, ಅಜ್ಜಿ ಮೂರು ಗಂಟೆ ಕೂರಬಲ್ಲರಾದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಹತ್ತಿ. ಖಾಲಿ ಹಾರಾಟ ಎರಡೂ ತಪ್ಪುತ್ತವೆ. ಅದೂ ಆಗಲ್ಲ ಅಂದರೆ ಮಾತ್ರ ಮಂಡಕಳ್ಳಿ. ಅಲ್ಲಿನ ರನ್‌ವೇ 1,740 ಮೀಟರ್. ಕಿಂಗ್ ಏರ್‌ನಂಥದ್ದಕ್ಕೆ ಧಾರಾಳ. ಹೇಗೂ ಇಳಿಯುವುದು ತಿರುಪತಿಯ ವಿಮಾನ ನಿಲ್ದಾಣವಿರುವ ರೇಣಿಗುಂಟದಲ್ಲಿ. ಅಲ್ಲಿಂದ ಬೆಟ್ಟಕ್ಕೆ ಘಾಟಿ ರಸ್ತೆಯೇ ಗತಿ, ಆ ತಿರುವುಗಳನ್ನೂ ಅಜ್ಜಿಯ ಲೆಕ್ಕದಲ್ಲಿ ಹಿಡಿಯಿರಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಪರ್ಮಿಟ್. ಬಾಡಿಗೆಗೆ ಹಾರಿಸುವ ಕಂಪನಿಗೆ ವಿಮಾನಯಾನದ ಸರ್ಕಾರಿ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೊಟ್ಟ ಎನ್‌ಎಸ್‌ಒಪಿ, ಅಂದರೆ ನಿಗದಿತ ವೇಳಾಪಟ್ಟಿ ಇಲ್ಲದೆ ಬಾಡಿಗೆಗೆ ಹಾರಿಸುವ ಪರ್ಮಿಟ್, ಇರಲೇಬೇಕು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್‌ಗೂ ಮುಂಚೆ ಹೆಲಿಕಾಪ್ಟರ್ ಬಾಡಿಗೆ ಕಂಪನಿ ಕಟ್ಟಿದ್ದು ಈ ಬಗೆಯ ಪರ್ಮಿಟ್ ಮೇಲೇ. ಯಾರದೋ ಸ್ವಂತ ವಿಮಾನವನ್ನು ಕಡಿಮೆಗೆ ಕೊಡಿಸ್ತೀನಿ ಅನ್ನುವ ಏಜೆಂಟ್ ಸಿಕ್ಕರೆ, ಅದು ವೈಟ್ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸಿದ ಹಾಗೆ. ಕಾರಿನಲ್ಲಾದರೆ ಬೋರ್ಡಿನ ಬಣ್ಣ ನೋಡಿ ಹೇಳಬಹುದು. ವಿಮಾನದಲ್ಲಿ ಸ್ವಂತದ್ದು, ಬಾಡಿಗೆಯದ್ದು ಎರಡಕ್ಕೂ ವಿಟಿ ಅಂತಲೇ ಶುರುವಾಗುವ ನೋಂದಣಿ. ಹೊರಗಿನಿಂದ ಗೊತ್ತಾಗುವುದೇ ಇಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ವಿಮೆ ಕೈಕೊಡಬಹುದು. ಅದಕ್ಕೇ ಅಡ್ವಾನ್ಸ್ ಕಳಿಸುವ ಮುಂಚೆ ಪರ್ಮಿಟ್ ಪ್ರತಿ ತರಿಸಿಕೊಳ್ಳಿ. ನಿಮಗೆ ಕೊಡುವ ವಿಮಾನದ ನೋಂದಣಿ ಸಂಖ್ಯೆ ಅದರಲ್ಲಿ ಇದೆಯೇ ಅಂತ ನೀವೇ ಕಣ್ಣಾರೆ ನೋಡಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಅವರ ಸಹವಾಸವೇ ಬೇಡ.

ಎಲ್ಲರ ತೂಕ, ಸಾಮಾನಿನ ತೂಕ ಕೇಳುತ್ತಾರೆ. ಸರಿಯಾಗಿ ಹೇಳಿ, ಚಿಕ್ಕ ವಿಮಾನದಲ್ಲಿ ಅದರ ಮೇಲೇ ಇಂಧನದ ಲೆಕ್ಕ. ಗಾಲಿಕುರ್ಚಿ ಇದ್ದರೆ ಅದನ್ನೂ ತಿಳಿಸಿ, ಬಾಗಿಲು, ಮೆಟ್ಟಿಲು ಎರಡೂ ಕಿರಿದಾಗಿರುತ್ತವೆ. ದರ್ಶನ ತಡವಾದರೆ ಕಾಯುವ ಶುಲ್ಕ ಏರುತ್ತದೆ, ವಿಮಾನ ನಿಲ್ದಾಣದ ಕೆಲಸದ ವೇಳೆಯೂ ಮುಗಿದುಹೋಗಬಹುದು. ಹಾಗಾಗಿ ಮೊದಲು ದರ್ಶನದ ಟಿಕೆಟ್ ಮಾಡಿಸಿ, ಆ ವೇಳೆ ನೋಡಿಕೊಂಡು ವಿಮಾನ ಗೊತ್ತು ಮಾಡಿ. ಮಳೆ ಮಂಜಿಗೆ ಹಾರಾಟ ರದ್ದಾದರೆ ಎಷ್ಟು ಹಣ ವಾಪಸ್ ಅನ್ನುವುದನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.