‘ವೆರಿ’ ಬಿಟ್ಟರೆ ಬೇರೆ ಮಾತೇ ಬರಲ್ಲ ಅಂದ ತಂಗಿಗೆ

ತಂಗಿ, ಅಕ್ಕ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಹಾಸನದಿಂದ ಮ್ಯಾಂಚೆಸ್ಟರಿಗೆ ನರ್ಸ್ ಕೆಲಸಕ್ಕೆ ಬಂದಿದ್ದೀಯ. ಪರೀಕ್ಷೆ ಪಾಸು ಮಾಡಿಸಿದ ಇಂಗ್ಲಿಷ್ ವಾರ್ಡಿನಲ್ಲಿ ಸಾಲುತ್ತಿಲ್ಲ. ಏನು ಹೇಳಲು ಹೋದರೂ ‘ವೆರಿ ಗುಡ್’, ‘ವೆರಿ ಬ್ಯಾಡ್’, ‘ವೆರಿ ಟಯರ್ಡ್’ ಇಷ್ಟೇ ಬಾಯಿಗೆ ಬರುತ್ತದೆ. ಕೋಚಿಂಗ್ ಸೆಂಟರಿನವರು ಕೊಟ್ಟ ಸಮಾನಾರ್ಥಕ ಪದಗಳ ದೊಡ್ಡ ಪಟ್ಟಿ ನಿನ್ನ ಹತ್ತಿರ ಇದೆ. ಅದನ್ನು ಬಾಯಿಪಾಠ ಮಾಡಲಾ ಅಂತ ಕೇಳಿದ್ದೀಯ. ಇಲ್ಲಿನ ಅಜ್ಜ ಅಜ್ಜಿಯರ ಮಾತು ಅರ್ಧಕ್ಕರ್ಧ ಅರ್ಥ ಆಗಲ್ಲ ಅಂತಲೂ ಬರೆದಿದ್ದೀಯ.

ಪಟ್ಟಿ ಬಾಯಿಪಾಠ ಮಾಡಬೇಡ. ಮೊದಲು ಆ ಅಜ್ಜ ಅಜ್ಜಿಯರ ಮಾತಿಗೆ ಕಿವಿ ಕೊಡು. ನಿನಗೆ ಬೇಕಾದ ಪದಗಳು ಅಲ್ಲೇ ಇವೆ. ನಮ್ಮ ಕೆಲಸದಲ್ಲಿ ರೋಗಿ ಬಾಯಿಂದ ಬಂದ ಒಂದು ಸಣ್ಣ ಗುಣವಾಚಕ ಎಷ್ಟೋ ಸಲ ಮಾನಿಟರಿಗಿಂತ ಮೊದಲೇ ವಿಷಯ ಹೇಳಿಬಿಡುತ್ತದೆ.

ಪಟ್ಟಿ ಯಾಕೆ ಹುಟ್ಟಿತು ಅಂತ ನಿನಗೂ ಗೊತ್ತು. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಮಾತು ಮತ್ತು ಬರವಣಿಗೆ ಎರಡರಲ್ಲೂ ಕಾಲು ಭಾಗ ಅಂಕ ಪದಸಂಪತ್ತಿಗೆ. ಹಾಗಾಗಿ ‘ಗುಡ್’ ಬದಲು ‘ಎಕ್ಸಲೆಂಟ್’, ‘ಸುಪರ್ಬ್’, ‘ಔಟ್‌ಸ್ಟ್ಯಾಂಡಿಂಗ್’ ಅಂತ ಕಲಿಸುತ್ತಾರೆ. ಪರೀಕ್ಷೆಗೆ ಅದು ಆಯ್ತು. ಆದರೆ ಆ ಪಟ್ಟಿ ನೋಡಿದರೆ ಒಂದು ಪದ ತೆಗೆದು ಅದೇ ಜಾಗದಲ್ಲಿ ಇನ್ನೊಂದು ಇಡಬಹುದು ಅನ್ನಿಸುತ್ತದೆ. ವಾರ್ಡಿನಲ್ಲಿ ಹಾಗೆ ನಡೆಯಲ್ಲ.

‘ಪೂರ್ಲಿ’ ಅನ್ನುವ ಪದವನ್ನೇ ತಗೋ. ಊರಿನ ಗ್ರಾಮರ್ ಪುಸ್ತಕದಲ್ಲಿ ಅದಕ್ಕೆ ‘ಕಳಪೆಯಾಗಿ’ ಅಂತ ಅರ್ಥ. ಈ ದೇಶದಲ್ಲಿ, ಅದರಲ್ಲೂ ಉತ್ತರ ಇಂಗ್ಲೆಂಡಿನ ನಮ್ಮ ಕಡೆ, ‘ಪೂರ್ಲಿ’ ಅಂದರೆ ಹುಷಾರಿಲ್ಲ. ಮಗು ಶಾಲೆಗೆ ಬರಲಿಲ್ಲ ಅಂದರೆ ‘ಅ ಬಿಟ್ ಪೂರ್ಲಿ’, ನೆಗಡಿಯೋ ಸಣ್ಣ ಜ್ವರವೋ ಇರಬೇಕು. ಅದೇ ಶಿಫ್ಟ್ ಬದಲಾಗುವ ಹ್ಯಾಂಡೋವರ್ ಹೊತ್ತಿನಲ್ಲಿ ಸಿಸ್ಟರ್ ದನಿ ತಗ್ಗಿಸಿ ‘ಶೀ ಈಸ್ ವೆರಿ ಪೂರ್ಲಿ’ ಅಂದರೆ ಸುಮ್ನೆ ಹುಷಾರಿಲ್ಲ ಅಂತ ಅಲ್ಲ. ಪರಿಸ್ಥಿತಿ ಗಂಭೀರ, ಉಳಿಯುವುದೂ ಕಷ್ಟ ಆಗಬಹುದು, ಮನೆಯವರಿಗೆ ಹೇಳಿ ಕರೆಸಬೇಕು ಅನ್ನುವವರೆಗೂ ಅದರ ಅರ್ಥ ಹೋಗುತ್ತದೆ. ‘ಸಿಕ್’ ಅಂತ ಬದಲಾಯಿಸಿದರೆ ಇನ್ನೊಂದು ತೊಡಕು. ಇಲ್ಲಿನ ರೋಗಿ ‘ಐ ಫೀಲ್ ಸಿಕ್’ ಅಂದರೆ ಸಾಮಾನ್ಯವಾಗಿ ವಾಂತಿ ಬರುವ ಹಾಗಾಗಿದೆ ಅಂತ. ‘ಐ ವಾಸ್ ಸಿಕ್’ ಅಂದರೆ ವಾಂತಿ ಮಾಡಿಯೇ ಆಯ್ತು. ಮೊದಲು ಬಟ್ಟಲು ಹಿಡಿ, ಪ್ರಶ್ನೆ ಆಮೇಲೆ.

ಇದೇ ಗುಂಪಿನ ಇನ್ನೂ ಕೆಲವು ಪದ ದಿನಾ ಕಿವಿಗೆ ಬೀಳುತ್ತವೆ. ‘ರಫ್’ ಅಂದರೆ ಮೈಯೆಲ್ಲ ಸರಿಯಿಲ್ಲ, ರಾತ್ರಿ ನಿದ್ದೆ ಇಲ್ಲದೆ ಕಳೆದ ಹಾಗೆ. ‘ಪೀಕಿ’ ಅಂದರೆ ಮುಖ ಬಿಳುಚಿಕೊಂಡಿದೆ. ‘ಕ್ವೀಝಿ’ ಅಂದರೆ ಹೊಟ್ಟೆ ತೊಳಸುತ್ತಿದೆ. ‘ಗ್ರಾಗಿ’ ಅಂದರೆ ಮಂಪರು, ಅರಿವಳಿಕೆ ಇಳಿಯುವಾಗ ಇರುವ ಹಾಗೆ. ‘ಕ್ಲ್ಯಾಮಿ’ಯನ್ನು ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೋ. ಮೈ ತಣ್ಣಗಿದ್ದು, ಬೆವರಿನಿಂದ ಅಂಟಂಟಾಗಿದ್ದರೆ ಅದು ಕ್ಲ್ಯಾಮಿ. ‘ಕೋಲ್ಡ್’ ಅಂತ ಬರೆದರೆ ಓದುವವರು ಇನ್ನೊಂದು ಕಂಬಳಿ ಕೊಡಿ ಅಂತಾರೆ. ‘ಕ್ಲ್ಯಾಮಿ’ ಅಂತ ಬರೆದರೆ ಬಿ.ಪಿ. ನೋಡಲು ಓಡಿ ಬರುತ್ತಾರೆ.

ಇನ್ನು ‘ಮಡಲ್ಡ್’. ಮಗಳು ಬಂದು ‘ಮಮ್ ಈಸ್ ಅ ಬಿಟ್ ಮಡಲ್ಡ್ ಟುಡೇ’ ಅಂತ ಹೇಳಿ ಹೋಗುತ್ತಾಳೆ. ಕೇಳಲು ಎಷ್ಟು ಸಣ್ಣ ಮಾತು! ಆದರೆ ನಿನ್ನೆ ಚೆನ್ನಾಗಿ ಮಾತಾಡುತ್ತಿದ್ದವರು ಇವತ್ತು ತಡಬಡಾಯಿಸುತ್ತಿದ್ದರೆ ಅದು ಹೊಸ ಗೊಂದಲ. ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ತಂದ, ರೋಗಿಯ ಸ್ಥಿತಿ ಹದಗೆಡುತ್ತಿದೆಯಾ ಅಂತ ಅಂಕ ಹಾಕಿ ನೋಡುವ ನ್ಯೂಸ್-2 ಚಾರ್ಟಿನಲ್ಲಿ ಹೊಸ ಗೊಂದಲ ಒಂದಕ್ಕೇ 3 ಅಂಕ. ಒಂದೇ ಸಾಲಿನಲ್ಲಿ 3 ಬಂದರೆ ತುರ್ತಾಗಿ ಬಂದು ನೋಡಬೇಕು ಅಂತ ನಿಯಮ. ‘ಸ್ಲೀಪಿ’, ‘ಡ್ರೌಝಿ’, ‘ಮಡಲ್ಡ್’ ಮೂರನ್ನೂ ಒಂದೇ ಪಟ್ಟಿಯಲ್ಲಿ ಓದಿಕೊಂಡವರಿಗೆ ಈ ವ್ಯತ್ಯಾಸ ಹೊಳೆಯುವುದು ಕಷ್ಟ.

ನೋವಿನ ವಿಷಯಕ್ಕೆ ಬರ್ತೀನಿ. ಈ ಇಡೀ ಪತ್ರದಲ್ಲಿ ಒಂದೇ ಭಾಗ ನೆನಪಿಡುತ್ತೇನೆ ಅಂದರೆ ಇದನ್ನು ನೆನಪಿಡು. ನೋವು ಎಷ್ಟಿದೆ ಅಂತ ಹತ್ತಕ್ಕೆ ಅಂಕ ಕೇಳುವುದು ನಮಗೆಲ್ಲ ರೂಢಿ. ಹೇಗಿದೆ ಅಂತ ಕೇಳುವುದೇ ಕಡಿಮೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ನೋವನ್ನು ಬಣ್ಣಿಸುವ 78 ಪದಗಳು, 20 ಗುಂಪುಗಳಲ್ಲಿ ಇವೆ. ಒಂದು ಗುಂಪಿನೊಳಗೆ ಪದಗಳು ತೀವ್ರತೆಯ ಮೇಲೆ ಏರುತ್ತಾ ಹೋಗುತ್ತವೆ. ‘ಹಾಟ್’ ಆದ ಮೇಲೆ ‘ಬರ್ನಿಂಗ್’, ಅದಾದ ಮೇಲೆ ‘ಸ್ಕಾಲ್ಡಿಂಗ್’, ಕೊನೆಗೆ ‘ಸಿಯರಿಂಗ್’. ಸಮಾನಾರ್ಥಕ ಪದಗಳನ್ನು ಹೀಗೆ ಜೋಡಿಸಬೇಕು ಅಂತ ನನಗನ್ನಿಸುತ್ತದೆ. ಯಾವ ಪದ ಯಾವುದಕ್ಕಿಂತ ಒಂದು ಮೆಟ್ಟಿಲು ಮೇಲೆ ಅಂತ ಗೊತ್ತಾಗಬೇಕು.

ಗುಂಪು ಬದಲಾದರೆ ಕಾಯಿಲೆಯೇ ಬದಲಾಗಬಹುದು. ಎದೆಯಲ್ಲಿ ‘ಬರ್ನಿಂಗ್’ ಅಂದರೆ ಆಸಿಡಿಟಿ ಇರಬಹುದು. ‘ಟೈಟ್’, ‘ಹೆವಿ’, ‘ಸ್ಕ್ವೀಝಿಂಗ್’ ಅಂದರೆ ಮೊದಲು ಹೃದಯದ ಕಡೆ ಯೋಚನೆ ಹೋಗಬೇಕು. ಎದೆಯಿಂದ ಬೆನ್ನಿಗೆ ‘ಟೇರಿಂಗ್’, ಸೀಳಿದ ಹಾಗೆ ಅಂದರೆ ಮಹಾಪಧಮನಿಯೇ ಬಿರಿದಿರಬಹುದು. ಸೊಂಟದಿಂದ ಕಾಲಿಗೆ ‘ಶೂಟಿಂಗ್’ ಅಂದರೆ ನರದ ಸೆಳೆತ. ‘ಥ್ರಾಬಿಂಗ್’ ಅಂದರೆ ನಾಡಿ ಬಡಿದ ಹಾಗೆ ಮಿಡಿಯುವ ನೋವು. ‘ಸೋರ್’ ಮತ್ತು ‘ಟೆಂಡರ್’ ಹತ್ತಿರದವು, ಆದರೂ ಬೇರೆ. ‘ಸೋರ್’ ಸುಮ್ಮನಿದ್ದಾಗಲೂ ನೋಯಬಹುದು, ‘ಟೆಂಡರ್’ ಅಂದರೆ ಮುಟ್ಟಿದರೆ, ಒತ್ತಿದರೆ ನೋವು. ಇಷ್ಟಾಗಿಯೂ ‘ಬರ್ನಿಂಗ್’ ಅಂದಮಾತ್ರಕ್ಕೆ ಆಸಿಡಿಟಿಯೇ ಅಂತ ನಾವು ತೀರ್ಮಾನ ಮಾಡುವಂತಿಲ್ಲ. ಹೃದಯದ ನೋವನ್ನೂ ಕೆಲವರು ಉರಿ ಅಂತಲೇ ಹೇಳುತ್ತಾರೆ. ಅವರು ಬಳಸಿದ ಪದವನ್ನು ಅವರದೇ ಮಾತಿನಲ್ಲಿ ಬರೆದು, ಡಾಕ್ಟರಿಗೆ ಹಾಗೆಯೇ ತಲುಪಿಸು. ನೀನು ಅದನ್ನು ‘ವೆರಿ ಬ್ಯಾಡ್ ಪೇನ್’ ಅಂತ ಬದಲಾಯಿಸಿದರೆ ಅವರು ಕೊಟ್ಟ ಸುಳಿವು ಅಲ್ಲೇ ಕಳೆದುಹೋಗುತ್ತದೆ.

ಇಲ್ಲಿನ ಹಿರಿಯರು, ಅದರಲ್ಲೂ ಗಂಡಸರು, ನೋವನ್ನು ಕಡಿಮೆ ಮಾಡಿ ಹೇಳುತ್ತಾರೆ. ‘ಅ ಬಿಟ್ ಸೋರ್’, ‘ನಾಟ್ ಟೂ ಬ್ಯಾಡ್’, ‘ಕಾಂಟ್ ಕಂಪ್ಲೇನ್’. ನಮ್ಮ ಕಡೆಯ ಹಿರಿಯರೂ ‘ಏನಿಲ್ಲ ಬಿಡಮ್ಮ’ ಅಂತಾರಲ್ವಾ? ಹಾಗೇ ಇದು. ‘ಅ ಬಿಟ್’ ಕೇಳಿದ ಮೇಲೆ ಮುಖ ನೋಡು, ಮಗ್ಗುಲು ಬದಲಾಯಿಸುವಾಗ ಉಸಿರು ಹಿಡಿಯುತ್ತಾರಾ ನೋಡು. ‘ಕ್ವೈಟ್’ ಇನ್ನೊಂದು ಕಷ್ಟದ ಪದ. ‘ಕ್ವೈಟ್ ಗುಡ್’ ಅಂದರೆ ಇಲ್ಲಿ ಪರವಾಗಿಲ್ಲ ಅನ್ನುವಷ್ಟೇ. ನಿನ್ನ ಕೆಲಸ ‘ಕ್ವೈಟ್ ಗುಡ್’ ಅಂದರೆ ಇನ್ನೂ ಸುಧಾರಿಸಲು ಜಾಗ ಇದೆ ಅಂತ. ಅದೇ ‘ಕ್ವೈಟ್ ಎಕ್ಸಾಸ್ಟೆಡ್’ ಅಂದರೆ ಪೂರ್ತಿ ಸುಸ್ತು.

ಯಾಕೆ ಹೀಗೆ? ಇಂಗ್ಲಿಷ್ ಗುಣವಾಚಕಗಳಲ್ಲಿ ಎರಡು ಜಾತಿ ಇವೆ. ‘ಟಯರ್ಡ್’, ‘ಕೋಲ್ಡ್’, ‘ಹಂಗ್ರಿ’ ಇವೆಲ್ಲ ಏರುವ ಇಳಿಯುವ ಪದಗಳು, ಇವುಗಳಿಗಿಂತ ಮೊದಲು ‘ವೆರಿ’ ಕೂರುತ್ತದೆ. ‘ಎಕ್ಸಾಸ್ಟೆಡ್’, ‘ಫ್ರೀಝಿಂಗ್’, ‘ಸ್ಟಾರ್ವಿಂಗ್’ ಆಗಲೇ ತುದಿ ಮುಟ್ಟಿದ ಪದಗಳು, ‘ವೆರಿ’ ಅವುಗಳ ಒಳಗೇ ಇದೆ. ಒತ್ತಿ ಹೇಳಬೇಕು ಅಂದರೆ ‘ಆಬ್ಸಲ್ಯೂಟ್ಲಿ’ ಸೇರಿಸುತ್ತಾರೆ. ನಾವು ಕಡುಗಪ್ಪು, ಕಡುಬಡವ, ಕಾರ್ಗತ್ತಲು ಅಂತ ಹೇಳುತ್ತೇವೆ. ಅದಕ್ಕೆ ಮತ್ತೆ ‘ತುಂಬಾ’ ಸೇರಿಸಿ ತುಂಬಾ ಕಡುಬಡವ ಅನ್ನಲ್ಲ. ಕನ್ನಡದಲ್ಲಿ ನಿನ್ನ ಕಿವಿಗೆ ಈ ಲೆಕ್ಕ ಆಗಲೇ ಗೊತ್ತು. ಅದೇ ಕಿವಿಯನ್ನು ಇಂಗ್ಲಿಷಿಗೂ ಕೊಡು. ಸುಸ್ತಿಗೆ ಇಲ್ಲಿ ‘ಶ್ಯಾಟರ್ಡ್’ ಮತ್ತು ‘ನ್ಯಾಕರ್ಡ್’ ಅಂತಲೂ ಜಾಸ್ತಿ ಹೇಳುತ್ತಾರೆ. ಮೊದಲನೆಯದನ್ನು ಯಾರ ಮುಂದೆ ಬೇಕಾದರೂ ಹೇಳಬಹುದು. ಎರಡನೆಯದು ಸ್ವಲ್ಪ ಒರಟು, ಗೆಳತಿಯರ ಜೊತೆ ಸರಿ, ರೋಗಿಯ ಮುಂದೆ ಬೇಡ.

ನೀನಿರುವ ಊರಿಗೂ ಈ ವಿಷಯಕ್ಕೂ ಒಂದು ಹಳೆಯ ನಂಟಿದೆ, ಹೇಳದೆ ಇರಲಾರೆ. ಜಗತ್ತೆಲ್ಲ ಬಳಸುವ ರೋಜೆಟ್ ಥೆಸಾರಸ್ ಅನ್ನುವ ಸಮಾನಾರ್ಥಕ ಪದಕೋಶ ಮಾಡಿದ ಪೀಟರ್ ಮಾರ್ಕ್ ರೋಜೆಟ್ ಒಬ್ಬ ಡಾಕ್ಟರು. ಮ್ಯಾಂಚೆಸ್ಟರಿನ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ, 1805ರ ಹೊತ್ತಿಗೆ, ತಮ್ಮ ಸ್ವಂತ ಬಳಕೆಗೆ ಪದಗಳ ಪಟ್ಟಿ ಶುರುಮಾಡಿದರು. ಮೋಸ್ಲಿ ಸ್ಟ್ರೀಟಿನಲ್ಲಿರುವ ಪೋರ್ಟಿಕೋ ಲೈಬ್ರರಿಯ ಮೊದಲ ಕಾರ್ಯದರ್ಶಿಯೂ ಅವರೇ. ಪುಸ್ತಕ ಹೊರಬಂದಿದ್ದು 1852ರಲ್ಲಿ, ಅವರಿಗೆ 73 ವರ್ಷ ಆಗಿದ್ದಾಗ. ಅದರಲ್ಲಿ ಪದಗಳನ್ನು ಅರ್ಥದ ಗುಂಪುಗಳಲ್ಲಿ ಜೋಡಿಸಿದ್ದರು, ಪದಕ್ಕೆ ಅರ್ಥ ಮಾತ್ರ ಕೊಟ್ಟಿರಲಿಲ್ಲ. ಪದಗಳು ಆಗಲೇ ಪರಿಚಯ ಇರುವವರು, ಸರಿಯಾದದ್ದು ನಾಲಿಗೆ ತುದಿಯಲ್ಲಿದ್ದೂ ಸಿಗದಿದ್ದಾಗ ತೆರೆದು ನೋಡಲಿ ಅಂತ ಮಾಡಿದ ಪುಸ್ತಕ ಅದು. ಎಲ್ಲ ರೀತಿಯಲ್ಲೂ ಒಂದೇ ಅರ್ಥ ಇರುವ ಎರಡು ಪದ ಸಿಗುವುದು ಕಷ್ಟ ಅಂತ ಅವರೇ ಮುನ್ನುಡಿಯಲ್ಲಿ ಬರೆದಿದ್ದಾರೆ. ಹೊಸದಾಗಿ ಕಲಿಯುವವರು ಅಲ್ಲಿಂದ ಪದ ಹೆಕ್ಕಿ ಬಳಸಿದರೆ ಎಡವಟ್ಟಾಗುವುದು ಇದೇ ಕಾರಣಕ್ಕೆ.

ಇಂಗ್ಲಿಷಿನಲ್ಲಿ ಇಷ್ಟೊಂದು ಪದ ಇರುವುದಕ್ಕೆ ಅದರ ಚರಿತ್ರೆ ಕಾರಣ. ‘ವೀಕ್’ ಬಂದದ್ದು ವೈಕಿಂಗರ ನಾರ್ಸ್ ಭಾಷೆಯಿಂದ. ‘ಫ್ರೇಲ್’ ಫ್ರೆಂಚಿನಿಂದ, ‘ಫ್ರಜೈಲ್’ ಲ್ಯಾಟಿನ್ನಿನಿಂದ. ಈಗ ಮೂರೂ ಬೇರೆ ಬೇರೆ ಕೆಲಸ ಮಾಡುತ್ತವೆ. ವಾರ್ಡಿನಲ್ಲಿ ‘ಫ್ರೇಲ್’ ಅಂದರೆ ವಯಸ್ಸಿನಿಂದ ಒಟ್ಟು ದೇಹದ ತಾಳಿಕೆ ಕುಗ್ಗಿದೆ ಅಂತ. ಅದನ್ನು ಅಳೆಯಲು 1ರಿಂದ 9ರವರೆಗಿನ ಒಂದು ಸ್ಕೇಲೇ ಇದೆ. ನಲವತ್ತರ ಒಬ್ಬರು ಜ್ವರದಿಂದ ನಿತ್ರಾಣ ಆಗಿದ್ದರೆ ಅವರು ‘ವೀಕ್’, ‘ಫ್ರೇಲ್’ ಅಲ್ಲ.

ಹೀಗಾಗಿ ನಿನಗೆ ಎರಡು ಬಾಯಿ ಬೇಕು. ಡಾಕ್ಟರ ಹತ್ತಿರ ‘ಪೈರೆಕ್ಸಿಯಲ್’ (ಜ್ವರ ಇದೆ), ‘ಹೈಪೊಟೆನ್ಸಿವ್’ (ಬಿ.ಪಿ. ಕಡಿಮೆ), ‘ಟ್ಯಾಕಿಕಾರ್ಡಿಕ್’ (ನಾಡಿ ಜೋರು). ಅದು ನಿನಗೆ ಕಾಲೇಜಿನಿಂದಲೇ ಸಲೀಸು. ರೋಗಿಯ ಹತ್ತಿರ ‘ಹಾಟ್’, ‘ಪಫಿ’ (ಊದಿಕೊಂಡಿದೆ), ‘ಇಚಿ’ (ತುರಿಕೆ), ‘ವೀಝಿ’ (ಉಸಿರಾಡಿದರೆ ಸುಂಯ್ ಅನ್ನುತ್ತದೆ), ‘ಡಿಝಿ’ (ತಲೆ ಸುತ್ತು). ನಮ್ಮವರಿಗೆ ಮೊದಲನೆಯದು ಚೆನ್ನಾಗಿ ಬರುತ್ತದೆ, ಎರಡನೆಯದೇ ಕಷ್ಟ. ನಾವು ಇಂಗ್ಲಿಷ್ ಕಲಿತದ್ದು ಪುಸ್ತಕದಿಂದ, ಅಡುಗೆಮನೆಯಿಂದ ಅಲ್ಲವಲ್ಲ.

ಮನುಷ್ಯರ ಬಗ್ಗೆ ಬರೆಯುವಾಗ ಇನ್ನೂ ಜಾಗ್ರತೆ ಬೇಕು. ‘ಥಿನ್’ ಪಟ್ಟಿಯಲ್ಲಿ ‘ಸ್ಲಿಮ್’, ‘ಸ್ಕಿನ್ನಿ’, ‘ಗಾಂಟ್’ ಎಲ್ಲ ಒಟ್ಟಿಗೆ ಇರುತ್ತವೆ. ‘ಸ್ಲಿಮ್’ ಮೆಚ್ಚುಗೆ. ‘ಸ್ಕಿನ್ನಿ’ ಅಂದರೆ ಒಣಕಲು, ಎದುರಿಗೆ ಹೇಳಿದರೆ ಬೇಜಾರಾಗುತ್ತಾರೆ. ‘ಗಾಂಟ್’ ಅಂದರೆ ಸೊರಗಿ ಮುಖ ಒಳಕ್ಕೆ ಹೋಗಿದೆ. ನೋಟ್ಸಿನಲ್ಲಿ ಇದ್ಯಾವುದೂ ಬೇಡ, ತೂಕ ಬರೆ. ‘ಸ್ಟಬ್ಬರ್ನ್’, ‘ರೂಡ್’, ‘ಡಿಫಿಕಲ್ಟ್’ ಪದಗಳನ್ನಂತೂ ಬರೆಯಲೇಬೇಡ. ಏನಾಯ್ತು ಅದನ್ನು ಬರೆ: ಮಾತ್ರೆ ಕೊಟ್ಟೆ, ಬೇಡ ಅಂದರು, ಕಾರಣ ಇದು ಅಂದರು. ಈ ದೇಶದಲ್ಲಿ ರೋಗಿಗೆ ತನ್ನ ದಾಖಲೆ ಕೇಳಿ ಓದುವ ಹಕ್ಕಿದೆ. ಅದಕ್ಕಿಂತ ಹೆಚ್ಚಾಗಿ, ನೀನು ಬರೆದ ಒಂದು ಪದ ಮುಂದಿನ ಶಿಫ್ಟಿನವರ ಮನಸ್ಸಿನಲ್ಲಿ ಆ ಮನುಷ್ಯನ ಬಗ್ಗೆ ಅಭಿಪ್ರಾಯ ಕೂರಿಸಿಬಿಡುತ್ತದೆ. ಹಾಸಿಗೆ ಮೇಲೆ ಮಲಗಿದವರಿಗೆ ಅದನ್ನು ತಿದ್ದುವ ದಾರಿ ಇರಲ್ಲ.

ಈ ಕಡೆಯ ಪದಗಳು ಕೆಲವು ಹೇಳಿಬಿಡ್ತೀನಿ. ಮುನಿಸಿಕೊಂಡವರು ‘ಮಾರ್ಡಿ’. ಸ್ವಲ್ಪ ಚಳಿಗೇ ನಡುಗುವವರು ‘ನೆಶ್’. ಮೊದಲ ಚಳಿಗಾಲದಲ್ಲಿ ನಿನ್ನನ್ನೂ ಹಾಗೆ ಕರೆಯಬಹುದು, ಅದು ಪ್ರೀತಿಯ ಮಾತು. ಹುಡುಗರು ‘ಮಿಂಟ್’ ಅಂದರೆ ಸೂಪರ್, ‘ಸೌಂಡ್’ ಅಂದರೆ ಒಳ್ಳೆಯವರು, ಅಥವಾ ಸರಿ ಬಿಡಿ ಅಂತ. ಸ್ವಲ್ಪ ಹಸಿದವರು ‘ಪೆಕಿಶ್’. ಇವನ್ನೆಲ್ಲ ಅರ್ಥ ಮಾಡಿಕೊಂಡರೆ ಸಾಕು. ಆಡಲೇಬೇಕು ಅಂತ ಏನೂ ಇಲ್ಲ. ‘ಲವ್ಲಿ’ ಒಂದನ್ನು ಮಾತ್ರ ಇವತ್ತಿನಿಂದಲೇ ಆಡು. ಚಹಾ ಕೊಟ್ಟರೂ ಲವ್ಲಿ, ಬಿಸಿಲು ಬಂದರೂ ಲವ್ಲಿ, ರೋಗಿ ಕೈ ಚಾಚಿ ಬಿ.ಪಿ. ನೋಡಲು ಬಿಟ್ಟರೂ ಲವ್ಲಿ.

ಕಲಿಯುವ ದಾರಿ ನಾನು ಹೇಳುವುದು ಇಷ್ಟು. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೋ. ಕೇಳಿದ ಪದವನ್ನು ಒಂಟಿಯಾಗಿ ಬರೆಯಬೇಡ, ಅದರ ಜೊತೆ ಬಂದ ಪದವನ್ನೂ ಬರೆ: ‘ಟಿಕ್ಲಿ ಕಾಫ್’, ‘ಡಲ್ ಏಕ್’, ‘ಸ್ಟಿಫ್ ನೆಕ್’. ರೋಗಿಯ ಹೆಸರು, ಗುರುತು ಯಾವುದೂ ಆ ಪುಸ್ತಕದಲ್ಲಿ ಇರಕೂಡದು. ಮನೆಗೆ ಬಂದು ಆಕ್ಸ್‌ಫರ್ಡ್ ಅಥವಾ ಲಾಂಗ್‌ಮನ್‌ನವರ ಕಲಿಯುವವರ ನಿಘಂಟಿನಲ್ಲಿ ನೋಡು. ಎರಡೂ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ, ಪದ ಮಾತಿನದೋ ಬರಹದದೋ, ಒರಟೋ ನಯವೋ ಅಂತಲೂ ಗುರುತು ಹಾಕಿರುತ್ತಾರೆ. ವಾರ್ಡಿನ ಹೆಲ್ತ್‌ಕೇರ್ ಅಸಿಸ್ಟೆಂಟ್‌ಗಳ ಜೊತೆ ಕೂತು ಚಹಾ ಕುಡಿ. ಬಹಳಷ್ಟು ಜನ ಇಲ್ಲೇ ಹುಟ್ಟಿ ಬೆಳೆದವರು, ರೋಗಿಗಳ ಮಾತು ಅವರ ಮನೆಮಾತು.

ಅರ್ಥ ಆಗದಿದ್ದಾಗ ತಲೆಯಾಡಿಸಿ ಮುಂದೆ ಹೋಗಬೇಡ. ‘ಹೇಗೆ ಅನ್ನಿಸುತ್ತಿದೆ, ಇನ್ನೊಂದು ಥರ ಹೇಳ್ತೀರಾ?’ ಅಂತ ಕೇಳು. ಯಾರೂ ತಪ್ಪು ತಿಳಿಯಲ್ಲ. ಎಷ್ಟೋ ರೋಗಿಗಳಿಗೆ ತಮ್ಮ ನೋವಿನ ಬಗ್ಗೆ ಹಾಗೆ ಬಿಡಿಸಿ ಕೇಳಿದವರೇ ಇರುವುದಿಲ್ಲ. ಅವರು ಇನ್ನೊಂದು ಪದ ಹುಡುಕಿ ಕೊಡುತ್ತಾರೆ, ಆ ಪದ ನಿನಗೆ ಮತ್ತೆ ಮರೆಯಲ್ಲ.