ಕೌದಿಯನ್ನು ಗ್ಯಾಲರಿ ಗೋಡೆಗೆ ತೂಗುಹಾಕುವ ಬಗ್ಗೆ

ಮೇಲಿನ ಎರಡು ಮೂಲೆಗೆ ಕ್ಲಿಪ್ ಹಾಕಿ ಕೌದಿ ನೇತುಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹಳೇ ಸೀರೆ, ಪಂಚೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಎಷ್ಟು ಭಾರ ಅಂತ ನಿಮಗೇ ಗೊತ್ತು, ಆ ಭಾರವೆಲ್ಲ ಎರಡೇ ಕಡೆ ಬಿದ್ದರೆ ಮಧ್ಯ ಜೋತುಬಿದ್ದು ಸವೆದ ಬಟ್ಟೆ ಹರಿಯುತ್ತದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಅಂದರೆ ಕವಂದಿಯಾದರೆ ಮೂಲೆಯಲ್ಲಿ ಬಟ್ಟೆ ಮಡಚಿ ಕೂರಿಸಿದ ಹೂವು ಇರುತ್ತದಲ್ಲ, ಮೊದಲು ಹಾಳಾಗುವುದು ಅದೇ.

ಹಿಂಬದಿಯಲ್ಲಿ ಮೇಲಂಚಿನ ಉದ್ದಕ್ಕೂ ನಾಲ್ಕಿಂಚು ಅಗಲದ ಕಾಟನ್ ಪಟ್ಟಿ ಹೊಲಿದು, ಪರದೆಗೆ ಮಾಡುವ ಹಾಗೆ ಒಳಗೆ ಕಂಬಿ ತೂರಿಸಿ. ಕೈಹೊಲಿಗೆಯೇ ಇರಲಿ. ಸೂಜಿ ಹಿಂದಿನ ಪದರಗಳನ್ನಷ್ಟೇ ಹಿಡಿಯಬೇಕು, ಮುಂದೆ ದಾರ ಕಾಣಬಾರದು. ಪಟ್ಟಿ ಸ್ವಲ್ಪ ಸಡಿಲ ಬಿಡಿ, ಇಲ್ಲದಿದ್ದರೆ ಕಂಬಿಯ ಉಬ್ಬು ಮುಂದೆ ಎದ್ದು ಕಾಣುತ್ತದೆ. ಅಲ್ಯುಮಿನಿಯಂ ಕಂಬಿ ಒಳ್ಳೆಯದು, ಹಸಿ ಮರದ ಕೋಲಿನಿಂದ ಬಟ್ಟೆಗೆ ಕಲೆಯಾಗುತ್ತದೆ.

ಗಾಜಿನ ಫ್ರೇಮ್ ಸುಮ್ನೆ ಖರ್ಚು. ಹೊಲಿಗೆಯ ಉಬ್ಬುತಗ್ಗೇ ಕಾಣದಿದ್ದರೆ ಏನು ಬಂತು, ಅಲ್ವಾ? ಅಮೆರಿಕದ ಅಲಬಾಮಾದಲ್ಲಿರುವ ಜೀಸ್ ಬೆಂಡ್ ಊರಿನ ಹೆಂಗಸರ ಕ್ವಿಲ್ಟುಗಳು, ಅಂದರೆ ಅಲ್ಲಿನ ಕೌದಿಗಳು, 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿಗೆ ಬಂದಾಗಲೂ ಗೋಡೆಯ ಮೇಲೆ ಪೇಂಟಿಂಗ್ ತರಹವೇ ತೂಗಿದ್ದವು. ಲೈಟು ಮಾತ್ರ 50 ಲಕ್ಸ್ (ಬೆಳಕಿನ ಅಳತೆ) ದಾಟದಂತೆ ಗ್ಯಾಲರಿಯವರಿಗೆ ಮೊದಲೇ ಹೇಳಿ, ಜಾಸ್ತಿಯಾದರೆ ಬಣ್ಣ ಮಂಕಾಗುತ್ತದೆ.